ಕುರಿಮಂದೆಯ ಜೊತೆ ಹೋದ ತರಗತಿ

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಎರಡು ದೊಡ್ಡ ಬ್ಯಾಗು, ಪಾತ್ರೆ ತುಂಬಿದ ಒಂದು ಬಕೆಟ್ಟು ಇಟ್ಟುಕೊಂಡು ನಿಂತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಸಾಮಾನುಗಳನ್ನು ನೋಡಿ, ಬಹಳ ಮರ್ಯಾದೆಯಿಂದಲೇ ಕೇಳಿದರು: "ಯಾವ ಹಟ್ಟಿಗೆ ಹೋಗ್ಬೇಕ್ರಿ?"

ನನ್ನ ಮುಖ ಬಿಸಿಯಾಯಿತು. ಕುಂದಾಪುರದ ಕಡೆಯವರಾದ ನಮಗೆ ಹಟ್ಟಿ ಎಂದರೆ ದನ ಕಟ್ಟುವ ಜಾಗ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕರಾವಳಿಯವರಿಗೂ ಅದೇ ಅಲ್ಲವೇ? ಬೆಳಗಾದರೆ ಸೆಗಣಿ ಬಾಚುವ ಜಾಗಕ್ಕೆ ಈ ಮನುಷ್ಯ ನನ್ನನ್ನು ಯಾಕೆ ಕಳಿಸುತ್ತಿದ್ದಾರೆ ಎಂದು ತಿಳಿಯದೆ, "ಹಟ್ಟಿಗಲ್ಲ, ಶಾಲೆಗೆ" ಎಂದೆ.

"ಶಾಲೆ ಇರೋದೂ ಹಟ್ಟಿ ತಾವಲೇ ಅಲ್ವೇನ್ರಿ" ಎಂದರು ಅವರು.

ಇಲ್ಲಿ ಹಟ್ಟಿ ಎಂದರೆ ಸಣ್ಣ ಊರು, ಕುರಿ ಸಾಕುವವರ ಮನೆಗಳ ಗುಂಪು ಎಂದು ಆಮೇಲೆ ಗೊತ್ತಾಯಿತು. ಹೊರಡುವಾಗ ಅಮ್ಮ, "ಅದೂ ಕನ್ನಡ ಮಾತಾಡುವ ಊರೇ ಅಲ್ದಾ, ಹೆದರುದು ಎಂತಕ್ಕೆ?" ಎಂದಿದ್ದಳು. ಗೊತ್ತಿಲ್ಲದ ಭಾಷೆಯ ಊರಾಗಿದ್ದರೆ ಎಚ್ಚರದಿಂದ ಕಿವಿಗೊಡುತ್ತಿದ್ದೆ. ಗೊತ್ತಿರುವ ಶಬ್ದ ಬೇರೆ ಅರ್ಥ ಹೊತ್ತು ಬಂದಾಗ ಎಡವುವುದು ಹೆಚ್ಚು.

ಮನೆ ಸಿಕ್ಕಿದ್ದು ಯಲ್ಲದಕೆರೆಯಲ್ಲಿ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ರುದ್ರಮ್ಮನವರ ಮನೆಯ ಮುಂಭಾಗದಲ್ಲಿ ಎರಡು ಕೋಣೆ. ಬಾಗಿಲಲ್ಲೇ ನಿಂತು ಅವರು ಒಂದು ಷರತ್ತು ಹಾಕಿದರು. "ನೀವು ಸಮುದ್ರದ ಕಡೆಯೋರು. ನಮ್ಮನೇಲಿ ಮೀನು ಬೇಯ್ಸಂಗಿಲ್ಲ ಕಣವ್ವ. ಬ್ಯಾರೆ ಏನಾರ ಮಾಡ್ಕಳ್ರಿ." ಒಪ್ಪಿಕೊಂಡೆ. ಒಪ್ಪಿದ ಮೇಲೆ ಗೊತ್ತಾಯಿತು, ನನಗೆ ಬೇರೆ ಏನೂ ಸರಿಯಾಗಿ ಮಾಡಲು ಬರುವುದಿಲ್ಲ ಎಂದು. ಅಕ್ಕಿ ಗಂಜಿ, ಉಪ್ಪಿನಕಾಯಿ ತಿಂದು ಮಲಗುವುದನ್ನು ನೋಡಿ ರುದ್ರಮ್ಮನವರೇ ಒಂದು ದಿನ ರಾಗಿಮುದ್ದೆ, ಅವರೆಕಾಳಿನ ಸಾರು ತಂದಿಟ್ಟು ಎದುರಿಗೆ ಕೂತರು. ನಾನು ಅಗಿಯತೊಡಗಿದೆ. "ಅಗೀಬ್ಯಾಡ್ರಿ, ನುಂಗ್ರಿ" ಎಂದರು. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಸೊಸೆ ನೀರು ತರಲು ಓಡಿದಳು, ಮೊಮ್ಮಕ್ಕಳು ನಕ್ಕರು. ಆ ನಗುವಿನಲ್ಲಿ ನಾನೂ ಸೇರಿಕೊಂಡೆ. ಊರು ಬಿಟ್ಟ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಭಾನುವಾರಗಳಂದು ಮಾರಿಕಣಿವೆ ಅಣೆಕಟ್ಟೆಯ ಹತ್ತಿರ ಹೋಗಿ ಮೀನಿನ ಊಟ ಮಾಡಿ ಬರುವುದನ್ನು ಕಲಿತೆ. ಅಲ್ಲಿಯದು ಸಿಹಿನೀರಿನ ಮೀನು. ಮೊದಮೊದಲು ನಾಲಿಗೆ ಒಪ್ಪಲಿಲ್ಲ.

ನಾನು ಚಿತ್ರಕಲಾ ಶಿಕ್ಷಕಿ. ಎಂಟನೇ ತರಗತಿಯ ಮಕ್ಕಳಿಗೆ ಮೊದಲ ದಿನ, "ನಿಮಗೆ ಇಷ್ಟವಾದ ಜಾಗವೊಂದನ್ನು ಬರೆಯಿರಿ" ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದರು. ನೋಡಿದರೆ ಎಲ್ಲ ಹಾಳೆಗಳಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ತುಂಬಿದ ಹೊಳೆ, ಹೊಳೆಯಲ್ಲಿ ದೋಣಿ. ಅದು ಹೆಚ್ಚುಕಡಿಮೆ ನಮ್ಮೂರಿನ ಚಿತ್ರ. ಕಿಟಕಿಯ ಹೊರಗೆ ಜಾಲಿಯ ಗಿಡ, ಕೆಂಪು ನೆಲ, ಬೋಳು ಬಂಡೆ, ಊರಂಚಿನ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಅದನ್ನು ಒಬ್ಬರೂ ಬರೆದಿರಲಿಲ್ಲ. ಯಾಕೆ ಎಂದು ಕೇಳಿದೆ. "ಅದ್ರಾಗೇನೈತೆ ಮೇಡಂ ಬರೆಯಾಕೆ?" ಎಂದ ಮುಂದಿನ ಸಾಲಿನ ಹುಡುಗ.

ಆ ದಿನಗಳಲ್ಲಿ ನಾನು ಊರಿನ ಗೆಳತಿಯರಿಗೆಂದು ಒಂದು ಬ್ಲಾಗು ಬರೆಯುತ್ತಿದ್ದೆ. ಒಂಟಿತನಕ್ಕೆ ಅದೇ ಔಷಧ. ಈ ದೋಣಿಯ ಕಥೆಯನ್ನೂ ಬರೆದೆ. ನನ್ನ ಬಾಲ್ಯದ ಗೆಳತಿ ಜ್ಯೋತಿ ಕುಂದಾಪುರದ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಅವಳು ಅದನ್ನು ತನ್ನ ತರಗತಿಯಲ್ಲಿ ಓದಿಸಿದಳಂತೆ. ಮರುದಿನ ಅವಳ ವಿದ್ಯಾರ್ಥಿಯೊಬ್ಬ ಬ್ಲಾಗಿನ ಕೆಳಗೆ ಪ್ರಶ್ನೆ ಬರೆದಿದ್ದ: "ನಿಮ್ಮಲ್ಲಿ ಸಮುದ್ರ ಇಲ್ಲದಿದ್ದರೆ ಸಂಜೆ ಆಟಕ್ಕೆ ಎಲ್ಲಿಗೆ ಹೋಗುತ್ತೀರಿ?"

ಅದನ್ನು ನನ್ನ ಮಕ್ಕಳಿಗೆ ಓದಿ ಹೇಳಿದೆ. ತರಗತಿಯಲ್ಲಿ ಗದ್ದಲವೆದ್ದಿತು. ಬಂಡೆ ಜಾರುವುದು, ಕೆರೆಯ ಒಣ ಅಂಗಳದಲ್ಲಿ ಕ್ರಿಕೆಟ್ಟು, ಗಾಳಿಯಂತ್ರದ ನೆರಳಿನ ಮೇಲೆ ಓಡುವುದು. ಹಾಗಾದರೆ ಬರೆದು ತೋರಿಸಿ ಎಂದೆ. ಅವರಿಗೆಂದೇ ಇನ್ನೊಂದು ಬ್ಲಾಗು ತೆರೆದೆವು. "ನಾವೇ ಬರೆದು ಅಂತರ್ಜಾಲದಲ್ಲಿ ಹಚ್ಚುವ ಗೋಡೆಪತ್ರಿಕೆ ಇದು, ಓದಿದವರು ಕೆಳಗೆ ತಮ್ಮ ಮಾತು ಬರೆಯಬಹುದು" ಎಂದು ವಿವರಿಸಿದೆ. ಹೆಸರಿಗಾಗಿ ಜಗಳವಾಗಿ ಕೊನೆಗೆ 'ಕರಿಕಂಬಳಿ' ಎಂದು ತೀರ್ಮಾನವಾಯಿತು. ಶಾಲೆಯ ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ನನ್ನ ಫೋನಿನಲ್ಲಿ ಚಿತ್ರಗಳ ಫೋಟೋ ತೆಗೆದು ಅಲ್ಲಿ ನಿಂತೇ ಹಾಕುತ್ತಿದ್ದೆವು.

ಗುರುತೇ ಇಲ್ಲದವರು ಕೇಳುತ್ತಾರೆ ಎಂದಾಗ ಮಕ್ಕಳು ತಮ್ಮೂರನ್ನು ಹೊಸದಾಗಿ ನೋಡತೊಡಗಿದರು. ಗಾಳಿಯಂತ್ರಕ್ಕೆ ಎಷ್ಟು ರೆಕ್ಕೆ ಎಂದು ಕರಾವಳಿಯ ಹುಡುಗಿಯೊಬ್ಬಳು ಕೇಳಿದಾಗ, ದಿನಾ ಅದರ ಕೆಳಗೇ ಓಡಾಡುವ ಇವರು ಹೊರಗೆ ಹೋಗಿ ನೋಡಿಕೊಂಡು ಬರಬೇಕಾಯಿತು. ಇನ್ನೊಂದು ದಿನ, "ಐತೆ ಎಂದು ಬರೆದರೆ ತಪ್ಪಲ್ಲವೇ?" ಎಂಬ ಮಾತು ಕರಾವಳಿಯಿಂದ ಬಂತು. ನಮ್ಮ ಕನ್ನಡದ ಮೇಷ್ಟ್ರು ಅದನ್ನೇ ಆ ದಿನದ ಪಾಠ ಮಾಡಿದರು. ವಿವರಣೆಯಲ್ಲಿ 'ಇದೆ' ಬರೆಯೋಣ, ಮನೆಯವರ ಮಾತನ್ನು ಬರೆಯುವಾಗ 'ಐತೆ' ಇರಲಿ ಎಂದು ಮಕ್ಕಳೇ ನಿರ್ಧರಿಸಿದರು. ಗೈಡು ನೋಡಿ ಪ್ರಬಂಧ ಬರೆಯುತ್ತಿದ್ದವರು ಅಜ್ಜಿಯ ಮಾತನ್ನು ಕಿವಿಗೊಟ್ಟು ಕೇಳಿ ಬರೆಯತೊಡಗಿದರು.

ಈ ಎಲ್ಲದರಲ್ಲೂ ಬಾಯಿ ಬಿಡದೆ ಇದ್ದವಳು ಪವಿತ್ರ. ಅವಳ ನಿಜವಾದ ಹೆಸರು ಬೇರೆ, ಇಲ್ಲಿ ಬದಲಿಸಿದ್ದೇನೆ. ಕುರಿ ಸಾಕುವ ಮನೆಯ ಹುಡುಗಿ. ಅವಳು ಒಂದು ಕುರಿಹಿಂಡನ್ನು ಬರೆದಿದ್ದಳು. ಅದರ ಕೆಳಗೆ ಜ್ಯೋತಿಯ ತರಗತಿಯಿಂದ ಪ್ರಶ್ನೆ ಬಂತು: "ಎಲ್ಲ ಕುರಿಗಳೂ ಒಂದೇ ಥರ ಇರುತ್ತವಲ್ಲ, ಹೇಗೆ ಗುರುತು ಹಿಡಿಯುತ್ತೀರಿ?"

ಪವಿತ್ರ ಆವತ್ತು ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮೇಡಂ, ಅವ್ರು ಮನುಷ್ಯರ್ನ ಹೆಂಗೆ ಗುರ್ತು ಹಿಡೀತಾರಂತೆ?"

ಅದನ್ನೇ ಉತ್ತರವಾಗಿ ಹಾಕಿದೆವು. ಆಮೇಲೆ ಅವಳು ಒಂದೊಂದೇ ಕುರಿಯ ಮುಖ ಬರೆದು ತಂದಳು. ಒಂದರ ಕಿವಿ ಹರಿದಿತ್ತು, ಇನ್ನೊಂದರ ಹಣೆಯಲ್ಲಿ ಬಿಳಿ ಮಚ್ಚೆ, ಮತ್ತೊಂದು ಸದಾ ಮುನಿಸಿಕೊಂಡಂತೆ ಕಾಣುವುದು. ಕರಾವಳಿಯ ಮಕ್ಕಳಿಗೆ ಮುನಿಸಿನ ಕುರಿ ಬಹಳ ಇಷ್ಟವಾಯಿತು. ಅದು ಇವತ್ತು ಯಾಕೆ ಮುನಿಸಿಕೊಂಡಿದೆ ಎಂದು ಕೇಳುತ್ತಲೇ ಇದ್ದರು.

ಸಂಕ್ರಾಂತಿಗೆ ಮೊದಲು ಅವಳು ಶಾಲೆಗೆ ಬರುವುದು ನಿಂತಿತು. ವಿಚಾರಿಸಲು ಅವಳ ಮನೆಗೆ ಹೋದೆ. ಬೇಸಿಗೆ ಹತ್ತಿರವಾದರೆ ಇಲ್ಲಿ ಮೇವಿರುವುದಿಲ್ಲ. ಕುರಿಮಂದೆಯನ್ನು ಹೊಸದುರ್ಗ, ಹೊಳಲ್ಕೆರೆ ದಾಟಿಸಿ ತೋಟದ ಸೀಮೆಗೆ ಹೊಡೆದುಕೊಂಡು ಹೋಗುತ್ತಾರೆ, ಅಲ್ಲಿಯ ರೈತರು ಗೊಬ್ಬರಕ್ಕೆಂದು ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಪ್ರತಿವರ್ಷ ಪವಿತ್ರಳ ತಾಯಿ ಜೊತೆಗೆ ಹೋಗುತ್ತಿದ್ದರು. ಈ ಸಲ ಅವರು ಹಸುಗೂಸಿನ ಬಾಣಂತಿ.

"ಮಂದೆ ತಾವ ಅಡುಗೆಗೆ ಒಬ್ರು ಬೇಕಲ್ರಿ" ಎಂದರು ಪವಿತ್ರಳ ತಂದೆ ಚಿಕ್ಕಣ್ಣ. ಒರಟಾಗೇನೂ ಹೇಳಲಿಲ್ಲ. "ಉಗಾದಿಗೆ ವಾಪಸ್ ಬರ್ತೀವಿ. ಅಷ್ಟರಾಗೆ ನಿಮ್ ಪಾಠ ಮುಗಿದೋಗಿರ್ತೈತೆ, ನಂಗೂ ಗೊತ್ತೈತೆ."

ಹಾಗೆ ಹೋದ ಹುಡುಗಿಯರು ಮತ್ತೆ ಶಾಲೆಗೆ ಬರುವುದು ಅಪರೂಪ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಪವಿತ್ರ ಒಲೆಯ ಹತ್ತಿರ ಕೂತು ನೆಲ ನೋಡುತ್ತಿದ್ದಳು. ಬೇಡ ಎನ್ನಲು ನನಗೆ ಯಾವ ಅಧಿಕಾರವಿತ್ತು? ಬಾಣಂತಿಯನ್ನು ಕಳಿಸಿ ಎನ್ನಲೇ? ನಾನು ಕೇಳಿದ್ದು ಇಷ್ಟೇ: ಅವಳು ದಾರಿಯಲ್ಲಿ ಬರೆದ ಚಿತ್ರದ ಫೋಟೋಗಳನ್ನು ನಿಮ್ಮ ಫೋನಿನಿಂದ ಕಳಿಸಲಿ. ನಾವು ಇಲ್ಲಿಯ ಪಾಠ ಕಳಿಸುತ್ತೇವೆ.

ಚಿಕ್ಕಣ್ಣ ಒಪ್ಪಿದರು. "ಹುಡುಗಿ ಮುಖದ ಫೋಟೋ ನೆಟ್ನಾಗೆ ಹಾಕ್ಬ್ಯಾಡ್ರಿ. ಕುರೀದು ಬೇಕಾದ್ರೆ ಹಾಕ್ಕಳ್ರಿ" ಎಂದರು. ಮಾತು ಕೊಟ್ಟೆ.

ಮೊದಲ ಫೋಟೋ ಹೊಸದುರ್ಗದ ಆಚೆಯಿಂದ ಬಂತು. ಬಂಡೆಯೊಂದರ ಮೇಲೆ ಒಲೆಯ ಇದ್ದಿಲಿನಿಂದ ಬರೆದ ಇಡೀ ಮಂದೆ. ಬಂಡೆ ಅಲ್ಲೇ ಉಳಿಯಿತು, ಚಿತ್ರ ನಮ್ಮ ತರಗತಿಗೆ ಬಂತು. ಸಮಾಜ ವಿಜ್ಞಾನದ ಟೀಚರ್ ಗೋಡೆಗೆ ಜಿಲ್ಲೆಯ ನಕ್ಷೆ ಅಂಟಿಸಿದರು. ಪವಿತ್ರ ಎಲ್ಲಿ ಇಳಿದುಕೊಂಡಿದ್ದಾಳೆಂದು ತಿಳಿದಾಗಲೆಲ್ಲ ಮಕ್ಕಳು ಅಲ್ಲೊಂದು ಬೊಟ್ಟು ಇಡುತ್ತಿದ್ದರು. ಲೆಕ್ಕದ ಪಾಠವನ್ನು ಒಬ್ಬಳು ಗೆಳತಿ ಫೋನಿಗೆ ಮಾತಾಡಿ ಕಳಿಸುತ್ತಿದ್ದಳು, ಹಿಂದೆ ಕುರಿಗಳ ಸದ್ದಿನೊಂದಿಗೆ ಅದರ ಉತ್ತರ ಬರುತ್ತಿತ್ತು.

ಹೊಳಲ್ಕೆರೆ ದಾಟಿದ ಮೇಲೆ ಒಂದು ಸಂದೇಶ: "ಹಾಳೆ ಖಾಲಿ ಆಗಿತ್ತು. ಇಲ್ಲಿ ಬೇಕಾದಷ್ಟು ಹಾಳೆ ಸಿಕ್ಕಿದೆ." ಜೊತೆಗೆ ಬಂದ ಫೋಟೋ ನೋಡಿ ನಮ್ಮ ಮಕ್ಕಳಿಗೆ ಅರ್ಥವಾಗಲಿಲ್ಲ. ಕರಾವಳಿಯ ಮಕ್ಕಳಿಗೆ ತಕ್ಷಣ ಗೊತ್ತಾಯಿತು. ಅದು ಅಡಿಕೆ ಮರದಿಂದ ಬಿದ್ದ ಹಾಳೆ. ಮರದ ತುದಿಯಲ್ಲಿ ಗರಿಯ ಬುಡವನ್ನು ಸುತ್ತಿಕೊಂಡಿರುವ, ಚರ್ಮದಂಥ ಅಗಲದ ಪದರ. ಅದರ ಒಳಮೈಯ ಮೇಲೆ ಪವಿತ್ರ ಮುನಿಸಿನ ಕುರಿಯನ್ನು ಬರೆದಿದ್ದಳು. "ನಾವು ಇದರ ಮೇಲೆ ಕೂತು ಎಳೆಸಿಕೊಳ್ಳುತ್ತೇವೆ, ನೀನು ಚಿತ್ರ ಬರೆಯುತ್ತೀಯಾ" ಎಂದು ಅಲ್ಲಿಂದ ಮಾತು ಬಂತು. ವಾರದೊಳಗೆ ಜ್ಯೋತಿಯ ಮಕ್ಕಳೂ ಹಾಳೆಯ ಮೇಲೆ ದೋಣಿ, ಬಲೆ, ಏಡಿ ಬರೆದು ಕಳಿಸಿದರು.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಚಿಕ್ಕಣ್ಣನ ಫೋನು ಹೋಗುತ್ತಿರಲಿಲ್ಲ. ಮಕ್ಕಳು ದಿನಾ ಬೆಳಗ್ಗೆ, "ಸುದ್ದಿ ಬಂತಾ ಮೇಡಂ?" ಎನ್ನುವರು. ಇಲ್ಲ ಎನ್ನುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ನಾನು ಊಟ ಬಿಟ್ಟು ಕೂತದ್ದನ್ನು ನೋಡಿದ ರುದ್ರಮ್ಮನವರು, "ಹೋಗಿ ನೋಡ್ಕಂಡು ಬರ್ರಿ. ಕುಂತ್ಕಂಡು ಕೊರಗಿದ್ರೆ ಸುದ್ದಿ ಬತ್ತೈತಾ?" ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಒಂದು ಭಾನುವಾರ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ಹೊಳಲ್ಕೆರೆ ಬಸ್ಸು, ಮತ್ತೆ ಬಿ.ದುರ್ಗದ ಬಸ್ಸು ಹಿಡಿದೆ. ಕೊನೆಯ ಬೊಟ್ಟು ಬಿದ್ದದ್ದು ಅಲ್ಲಿಯೇ. ಕುರಿಮಂದೆ ಎಲ್ಲಿದೆ ಎಂದು ಕೇಳುತ್ತಾ ನಡೆದೆ. ಊರಾಚೆಯ ತೋಟದ ಅಂಚಿನಲ್ಲಿ, ಬಲೆ ಕಟ್ಟಿದ ಮಂದೆಯ ಪಕ್ಕ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಪವಿತ್ರ ಎದ್ದು ನಿಂತಳು. ನೋಡಲು ಬಂದ ನಾನೇ ಅಳತೊಡಗಿದೆ. ಅವಳು ಕಂಬಳಿ ಹಾಸಿ, ಮನೆಯ ಯಜಮಾನಿಯ ಹಾಗೆ, "ಬರ್ರಿ ಮೇಡಂ, ಕುಂತ್ಕಳ್ರಿ" ಎಂದಳು.

ಆದದ್ದು ಇಷ್ಟೇ. ಫೋನು ಕಾಲುವೆಗೆ ಬಿದ್ದು ಕೆಟ್ಟಿತ್ತು. ನಾನು ಪ್ರಿಂಟು ಹಾಕಿಸಿ ತಂದಿದ್ದ ಬ್ಲಾಗಿನ ಮಾತುಗಳನ್ನು ಅವಳು ಗಟ್ಟಿಯಾಗಿ ಓದಿದಳು. ಚಿಕ್ಕಣ್ಣ ಕುರಿಯ ಗೊರಸು ನೋಡುತ್ತಲೇ ಕೇಳಿಸಿಕೊಂಡರು. ಮುನಿಸಿನ ಕುರಿ ಹೇಗಿದೆ ಎಂಬ ಪ್ರಶ್ನೆ ಬಂದಾಗ, "ಮರಿ ಹಾಕೈತೆ ಅಂತ ಬರಿ" ಎಂದರು.

ನಂತರ ನನ್ನ ಕಡೆ ತಿರುಗಿದರು. "ನಾನು ಓದ್ದೋನಲ್ರಿ. ಇಷ್ಟು ವರ್ಷ ಊರೂರು ತಿರುಗೀನಿ. ಗೊಬ್ಬರಕ್ಕೆ ಬರ್ರಿ ಅಂತಾರೆ, ಹೊಲಕ್ಕೆ ಬಿದ್ರೆ ಬೈತಾರೆ. ನಿನ್ ಕುರಿ ಹೆಂಗೈತಪ್ಪ ಅಂತ ಯಾರೂ ಕೇಳಿರ್ಲಿಲ್ಲ." ಕುರಿಯ ಕಾಲು ಕೆಳಗೆ ಬಿಟ್ಟು, "ಪರೀಕ್ಷೆ ಯಾವತ್ತೈತೆ ಹೇಳ್ರಿ. ನಾನೇ ತಂದು ಬಿಡ್ತೀನಿ" ಎಂದರು.

ಬಸ್ಸಿನವರೆಗೆ ಪವಿತ್ರ ಜೊತೆಗೆ ಬಂದಳು. "ಇಲ್ಲಿ ನೀರು, ನೆಳ್ಳು ಎಲ್ಲಾ ಐತೆ ಮೇಡಂ. ಆದ್ರೂ ನಮ್ಮೂರ ಬಿಸಿಲೇ ನೆಪ್ಪಾಗತೈತೆ. ನಿಮ್ಗೂ ಹಂಗೆ ಆಗತೈತಾ?" ಎಂದು ಕೇಳಿದಳು. ಆಗುತ್ತದೆ ಎಂದೆ. ದೊಡ್ಡವರ್ಯಾರೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ.

ಪರೀಕ್ಷೆಗೆ ಅವಳು ಬಂದಳು, ಪಾಸಾದಳು. ಈಗ ಒಂಬತ್ತನೇ ತರಗತಿ. ಈ ವರ್ಷ ಮಂದೆಯ ಜೊತೆ ಹೋಗುತ್ತಿಲ್ಲ. ಬ್ಲಾಗಿನಿಂದಲೇ ಹೀಗಾಯಿತು ಎಂದರೆ ಸುಳ್ಳಾಗುತ್ತದೆ. ಅವಳ ಚಿಕ್ಕಪ್ಪನಿಗೆ ಮದುವೆಯಾಗಿ ಅಡುಗೆಗೆ ಕೈ ಸಿಕ್ಕಿದೆ. ಆದರೆ ದೂರವಿದ್ದ ತಿಂಗಳುಗಳಲ್ಲಿ ತರಗತಿಯ ದಾರ ಕಡಿಯದೆ ಉಳಿದದ್ದು ಆ ಚಿತ್ರಗಳಿಂದ, ಅವುಗಳ ಕೆಳಗಿನ ಮಾತುಗಳಿಂದ. ಹಾಗಾಗಿಯೇ ಮರಳಿ ಬಂದಾಗ ಅವಳಿಗೆ ಅಲ್ಲೊಂದು ಜಾಗವಿತ್ತು.

ಮೊನ್ನೆ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾಗ ಜ್ಯೋತಿ ತನ್ನ ಶಾಲೆಗೆ ಕರೆದೊಯ್ದಳು. ಮಕ್ಕಳು ಸುತ್ತುವರಿದು, "ಚಿತ್ರದುರ್ಗದ ಮೇಡಂ ಬಂದ್ರು" ಎಂದು ಕೂಗಿದರು. ನಾನು ಹುಟ್ಟಿದ್ದು ಆ ಶಾಲೆಯಿಂದ ಎರಡು ಊರಿನಾಚೆ. ಅಲ್ಲಿ ಮಳೆ ಬರುತ್ತದಾ ಎಂದು ಒಬ್ಬಳು ಕೇಳಿದಳು.

"ನಮ್ಮಲ್ಲಿ ಮಳೆ ಕಡಿಮೆ" ಎಂದು ಶುರುಮಾಡಿದೆ. "ಮೊದಲ ಮಳೆ ಬಿದ್ದ ದಿನ ನಮ್ಮ ಮಕ್ಕಳು ಪಾಠ ಬಿಟ್ಟು ಹೊರಗೆ ಓಡ್ತಾರೆ. ನಾವೂ ತಡೆಯುವುದಿಲ್ಲ."

ಹೊರಗೆ ಬಂದ ಮೇಲೆ ಜ್ಯೋತಿ ಮೆಲ್ಲಗೆ ಕೇಳಿದಳು, "ನಮ್ಮಲ್ಲಿ ಅಂದ್ರೆ ಯಾವೂರು ಮಾರಾಯ್ತಿ?"

ವರ್ಗಾವಣೆಗೆ ಅರ್ಜಿ ಹಾಕುವ ಸಮಯ ಹತ್ತಿರ ಬಂದಿದೆ, ಈ ಸಲ ಊರಿಗೇ ಬರಬಹುದು ಎಂದು ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ. ಆ ಸಂಜೆ ಅಮ್ಮ ಬಂಗುಡೆ ಸಾರು ಬಡಿಸಿ ಅದೇ ವಿಷಯ ಎತ್ತಿದಳು. ಊಟ ಬಹಳ ಚೆನ್ನಾಗಿತ್ತು. ಇನ್ನೊಂದು ಸೌಟು ಹಾಕಿಸಿಕೊಂಡು, ಅಮ್ಮನಿಗೆ ಮುನಿಸಿನ ಕುರಿಯ ಕಥೆ ಹೇಳತೊಡಗಿದೆ.