ರಸ್ತೆ ಕಡೆಯ ನೆರಳು

ಇಲಾಖೆಯ ವರದಿಯ ಪ್ರಕಾರ ಆ ಹೊತ್ತಿನಲ್ಲಿ ನಾನು ಕೆಟ್ಟು ನಿಂತ ಲಾರಿಯ ಪಕ್ಕ ಎಚ್ಚರಿಕೆಯ ಕೋನ್ ಇಡುತ್ತಿದ್ದೆ. ನಿಜವಾಗಿ ನಾನು ರೊಟ್ಟಿ ತಿನ್ನುತ್ತಿದ್ದೆ. ಅವತ್ತು ನನ್ನ ಜೊತೆಗಿದ್ದ ಚಾಲಕರ ಬಲಗಾಲು ಹೋಯಿತು. ವರದಿಯ ಕೆಳಗೆ ನನ್ನ ಸಹಿಯೂ ಇದೆ. ಅಲ್ಲಿ ತಿದ್ದುವ ಧೈರ್ಯ ನನಗೆ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊನ್ನಾಳಿಯವಳು, ಪೊಲೀಸ್ ಹೆಡ್ ಕಾನ್‌ಸ್ಟೆಬಲ್. ಹದಿನೈದು ವರ್ಷ ಠಾಣೆಯಲ್ಲಿ ಕೂತು ಬರೆದೂ ಬರೆದೂ ಸಾಕಾಗಿ, ಕೇಳಿಕೊಂಡೇ ಹೆದ್ದಾರಿ ಗಸ್ತಿಗೆ ಹಾಕಿಸಿಕೊಂಡೆ. ಜಗಳೂರು ಕಡೆಯ ರಸ್ತೆ. ಗಸ್ತು ಅಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತವರ ಹತ್ತಿರ ನಿಲ್ಲುವುದು. ಟೈರ್ ಒಡೆದವರು, ಡೀಸೆಲ್ ಖಾಲಿಯಾದವರು, ಇಂಜಿನ್ ಕಾದು ಹೊಗೆ ಎದ್ದವರು. ಅವರ ಗಾಡಿಯ ಹಿಂದೆ ನಮ್ಮ ಗಾಡಿ ನಿಲ್ಲಿಸಿ, ದೀಪ ಹಾಕಿ, ಕೋನ್ ಇಟ್ಟು, ಕ್ರೇನ್ ಬರುವತನಕ ಕಾಯಬೇಕು.

ಕಳ್ಳಕಾಕರ ಭಯ ಇಲ್ಲವೇ ಎಂದು ನಮ್ಮ ಅತ್ತೆ ಕೇಳುತ್ತಿದ್ದರು. ಕಳ್ಳ ನಮ್ಮನ್ನು ಕಂಡರೆ ಓಡಿಹೋಗುತ್ತಾನೆ. ಗಾಡಿ ಓಡಿಸುವವನಿಗೆ ನಾವು ಕಾಣುವುದೇ ಇಲ್ಲ. ನಮ್ಮ ಮೈಮೇಲೆ ಹೊಳೆಯುವ ಜಾಕೆಟ್ ಇರುತ್ತದೆ, ಗಾಡಿಯ ನೆತ್ತಿಯ ಮೇಲೆ ಕೆಂಪು ನೀಲಿ ದೀಪ ತಿರುಗುತ್ತಿರುತ್ತದೆ, ಹಾಡುಹಗಲು ಬೇರೆ, ಆದರೂ ಕಾಣುವುದಿಲ್ಲ. ಹೊಟ್ಟೆ ತುಂಬ ಉಂಡು ಸ್ಟಿಯರಿಂಗ್ ಹಿಡಿದವನ ಕಣ್ಣು ತೆರೆದಿರುತ್ತದೆ, ಅಷ್ಟೇ. ದೊಡ್ಡ ಗಾಡಿ ಪಕ್ಕದಲ್ಲೇ ಹಾದುಹೋದರೆ ಅದರ ಗಾಳಿ ನಮ್ಮನ್ನು ಒಂದು ಹೆಜ್ಜೆ ಎಳೆಯುತ್ತದೆ. ಮೊದಲ ತಿಂಗಳು ಮನೆಗೆ ಬಂದು ಮಲಗಿದರೂ ಆ ಎಳೆತ ಮೈಯಲ್ಲಿರುತ್ತಿತ್ತು. ಆಮೇಲೆ ರೂಢಿಯಾಯಿತು. ರೂಢಿಯಾಗಬಾರದಿತ್ತು.

ಗಾಡಿಯ ಚಾಲಕರು ಚನ್ನಗಿರಿಯವರು. ಇಲಾಖೆಯವರೇ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಉಳಿದವರು ಅವರನ್ನು ಸಾಬ್ರೇ ಎಂದು ಕರೆಯುತ್ತಿದ್ದರು, ನಾನು ಚಾಚಾ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಚಿಕ್ಕವಳಾದರೂ ಅವರಿಗೆ ನಾನು ಮೇಡಂ. ನನ್ನ ಬಾಯಿ ಜೋರು. ಅವರು ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಕೆಟ್ಟ ಗಾಡಿಯ ಹಿಂದೆ ನಮ್ಮ ಗಾಡಿ ನಿಲ್ಲಿಸಿದಾಗ ಮುಂದಿನ ಚಕ್ರ ಹೊಲದ ಕಡೆಗೆ ತಿರುಗಿಸಿಯೇ ಇಳಿಯುತ್ತಿದ್ದರು. ಹಿಂದಿನಿಂದ ಯಾರಾದರೂ ಗುದ್ದಿದರೆ ಗಾಡಿ ಹೊಲಕ್ಕೆ ಹೋಗಬೇಕು, ಮುಂದೆ ನಿಂತ ಜನರ ಮೇಲಲ್ಲ. ಒಮ್ಮೆಯೂ ಮರೆತದ್ದನ್ನು ನಾನು ನೋಡಲಿಲ್ಲ.

ಆ ರಸ್ತೆಯಲ್ಲಿ ಮರವೇ ಇಲ್ಲ ಎನ್ನಬಹುದು. ಅಗಲ ಮಾಡುವಾಗ ಹುಣಸೆ ಮರಗಳನ್ನೆಲ್ಲ ಕಡಿದರು. ಉಳಿದದ್ದು ಜಾಲಿ, ಅದರ ನೆರಳು ತಲೆಯ ಮೇಲೆ ಜರಡಿ ಹಿಡಿದ ಹಾಗೆ. ಹಾಗಾಗಿ ಲಾರಿ ಕೆಟ್ಟರೆ ಜನಕ್ಕೆ ಲಾರಿಯದೇ ನೆರಳು. ರಸ್ತೆ ದಕ್ಷಿಣದಿಂದ ಉತ್ತರಕ್ಕೆ ನೇರ ಹೋಗುತ್ತದೆ. ಉತ್ತರಕ್ಕೆ ಹೊರಟ ಗಾಡಿ ಎಡಕ್ಕೆ ನಿಂತರೆ ಬೆಳಗ್ಗೆ ಅದರ ನೆರಳು ಹೊಲದ ಕಡೆ ಬೀಳುತ್ತದೆ, ಚಿಂತೆಯಿಲ್ಲ. ಹೊತ್ತು ಪಡುವಣಕ್ಕೆ ವಾಲಿದ ಮೇಲೆ ಅದೇ ನೆರಳು ಗಾಡಿಯ ಅಡಿಯಿಂದ ಮೆಲ್ಲಗೆ ದಾಟಿ ರಸ್ತೆ ಕಡೆ ಬರುತ್ತದೆ. ಜನವೂ ಅದರ ಹಿಂದೆಯೇ ಬರುತ್ತಾರೆ. ರಸ್ತೆಯ ಮೇಲೆ ಕೂರೋಣ ಎಂದು ಯಾರೂ ಕೂರುವುದಿಲ್ಲ. ಅವರು ಕೂರುವುದು ನೆರಳಿನಲ್ಲಿ. ಅದು ರಸ್ತೆಯ ಮೇಲಿದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಮೂರು ವರ್ಷ ನಾನು ಮಾಡಿದ್ದು ಜನರನ್ನು ನೆರಳಿನಿಂದ ಬಿಸಿಲಿಗೆ ಎಬ್ಬಿಸುವ ಕೆಲಸ. ಅದಕ್ಕೆ ಯಾರೂ ಹರಸುವುದಿಲ್ಲ. ಒಮ್ಮೆ ನ್ಯಾಮತಿ ಕಡೆಯ ಮದುವೆ ದಿಬ್ಬಣದ ಮಿನಿ ಬಸ್ಸು ಕೆಟ್ಟಿತ್ತು. ನಾವು ಹೋಗುವ ಹೊತ್ತಿಗೆ ಬಸ್ಸಿನ ರಸ್ತೆ ಮಗ್ಗುಲಿಗೆ ಸಾಲಾಗಿ ಕೂತು ಎಲೆ ಹಾಕಿಕೊಂಡು ಚಿತ್ರಾನ್ನ ಉಣ್ಣುತ್ತಿದ್ದರು. ಏಳಿ ಎಂದರೆ ಒಬ್ಬ ಹೆಂಗಸು ತುತ್ತು ನುಂಗಿ ಹೇಳಿದಳು, "ಬಡಿಸಿ ಆಗೈತೆ ಮೇಡಂ. ಎಲೆ ಮುಂದಿಂದ ಅರ್ಧಕ್ಕೆ ಹೆಂಗ್ ಏಳಾಕೆ ಆಗತೈತೆ?"

"ಅರ್ಧಕ್ಕೆ ಎದ್ರೆ ಪಾಪ ಬರತೈತೆ, ಏಳದಿದ್ರೆ ಲಾರಿ ಬರತೈತೆ. ಯಾವುದು ಬೇಕು ನೋಡ್ಕಳ್ರಿ," ಎಂದೆ. ಕೆಲವರು ನಕ್ಕರು. ಯಾರೂ ಏಳಲಿಲ್ಲ.

ಚಾಚಾ ಗಾಡಿಯಿಂದ ಕೆಂಪು ಬಾವುಟ ತೆಗೆದುಕೊಂಡು ಅವರ ಹಿಂದೆ, ಗಾಡಿಗಳು ಬರುವ ಕಡೆಗೆ ಮುಖಮಾಡಿ ನಿಂತರು. "ಉಣ್ಲಿ ಬಿಡ್ರಿ ಮೇಡಂ. ನಾನು ನಿಂತಿರ್ತೀನಿ," ಎಂದರು. ಕೊನೆಯ ಮಜ್ಜಿಗೆ ಮುಗಿಯುವತನಕ ನಿಂತಿದ್ದರು. ಆಮೇಲೆ ಗಾಡಿಯಲ್ಲಿ ನಾನು ಅವರನ್ನು ಚೆನ್ನಾಗಿ ಬೈದೆ. ನಿಮ್ಮಂಥವರಿಂದಲೇ ಜನ ಕೆಡುವುದು ಎಂದೆ. ಅವರು ಕನ್ನಡಿ ಸರಿಮಾಡಿಕೊಂಡರು.

ರಂಜಾನ್ ತಿಂಗಳು ಬಂದರೆ ನನಗೆ ಊಟದ ಪಜೀತಿ. ಚಾಚಾ ಒಂದು ಹನಿ ನೀರನ್ನೂ ಬಾಯಿಗೆ ಹಾಕದೆ ದಿನವಿಡೀ ಬಿಸಿಲಿನಲ್ಲಿ ಗಾಡಿ ಓಡಿಸುತ್ತಾರೆ, ಪಕ್ಕದ ಸೀಟಿನಲ್ಲಿ ನಾನು ಡಬ್ಬಿ ಬಿಚ್ಚುವುದು ಹೇಗೆ? "ನೀವು ಉಂಡ್ರೆ ನನ್ನ ರೋಜಾ ಮುರಿಯಲ್ಲ ಮೇಡಂ," ಎಂದು ಅವರು ಎಷ್ಟೋ ಸಲ ಹೇಳಿದ್ದರು. ಆದರೂ ನನಗೆ ತುತ್ತು ಇಳಿಯುತ್ತಿರಲಿಲ್ಲ. ದಾರಿಯಲ್ಲಿ ಸಿಗುವ ಬಿಳಿಚೋಡಿನಲ್ಲಿ ಯಾವುದಾದರೂ ಹೋಟೆಲಿನ ಒಳಗೆ ಕೂತು ಡಬ್ಬಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಏನೂ ತಿನ್ನದವಳ ಹಾಗೆ ಬಂದು ಗಾಡಿ ಹತ್ತುತ್ತಿದ್ದೆ. ಅವರೂ ಏನೂ ಗೊತ್ತಿಲ್ಲದವರ ಹಾಗೆ ಗಾಡಿ ಹೊರಡಿಸುತ್ತಿದ್ದರು.

ಅವತ್ತು ಬಿಳಿಚೋಡಿಗೆ ಹೋಗಲು ಆಗಲಿಲ್ಲ. ಮೆಕ್ಕೆಜೋಳ ತುಂಬಿದ ಲಾರಿಯೊಂದು ಆಕ್ಸಲ್ ಮುರಿದು ನಿಂತಿತ್ತು. ಎಡದ ಚಕ್ರಗಳು ಮಣ್ಣಿನಲ್ಲಿ, ಬಲದವು ಟಾರಿನ ಮೇಲೆ. ಅದರ ಚಾಲಕ ಬೇರೆ ಗಾಡಿ ಹತ್ತಿಕೊಂಡು ಮೆಕ್ಯಾನಿಕ್‌ನನ್ನು ಕರೆಯಲು ಹೋಗಿದ್ದ. ನಾವು ಹಿಂದೆ ಗಾಡಿ ನಿಲ್ಲಿಸಿ, ಕೋನ್ ಇಟ್ಟು, ಕ್ರೇನಿಗೆ ಹೇಳಿ ಕಾದೆವು. ಹನ್ನೆರಡಕ್ಕೆ ಬರುತ್ತೇನೆಂದ ಕ್ರೇನಿನವನು ಎರಡೂವರೆಯಾದರೂ ಬರಲಿಲ್ಲ. ನನಗೆ ಹಸಿದರೆ ತಲೆನೋವು. ಚಾಚಾ ಲಾರಿಯ ಆಚೆ, ಹೊಲದ ಬದಿಗೆ ಟವೆಲ್ ಹಾಸಿ ನಮಾಜಿಗೆ ನಿಂತರು.

ಅವರು ಕೈಕಟ್ಟಿ ನಿಂತದ್ದನ್ನು ನೋಡಿ ನಾನು ಡಬ್ಬಿ ತೆಗೆದುಕೊಂಡೆ. ಪ್ರಾರ್ಥನೆ ಮಾಡುವ ಉಪವಾಸಿಯ ಎದುರು ಉಣ್ಣಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಹೊಲದ ಕಡೆ ಅವರಿದ್ದರು. ಗಾಡಿಯ ಒಳಗೆ ಕೂತರೆ ಅವರಿಗೆ ಕಾಣುತ್ತಿತ್ತು. ಅದಕ್ಕೆ ಲಾರಿಯನ್ನು ಸುತ್ತು ಹಾಕಿ ಈಚೆ ಬಂದೆ. ಮುಂದಿನ ಚಕ್ರದ ಹತ್ತಿರ ಒಳ್ಳೆಯ ನೆರಳಿತ್ತು. ಕೂತೆ. ಅದು ರಸ್ತೆ ಕಡೆಯ ನೆರಳು ಎಂಬುದು ನನಗೆ, ಮೂರು ವರ್ಷ ಊರಿನವರನ್ನೆಲ್ಲ ಅಲ್ಲಿಂದ ಎಬ್ಬಿಸಿದವಳಿಗೆ, ಹೊಳೆಯಲಿಲ್ಲ. ನೆರಳು ತಂಪಾಗಿತ್ತು. ರೊಟ್ಟಿ, ಬದನೆಕಾಯಿ ಪಲ್ಯ.

ಎರಡನೇ ರೊಟ್ಟಿ ಮುರಿದಾಗ ಚಾಚಾ ನನ್ನನ್ನು ಹುಡುಕಿಕೊಂಡು ಬಂದರು. ಕೂತಿದ್ದನ್ನು ನೋಡಿದರು. ನನಗೆ ನಾಚಿಕೆಯಾಯಿತು. ಕೂತ ಜಾಗಕ್ಕಲ್ಲ, ಕೈಯಲ್ಲಿದ್ದ ರೊಟ್ಟಿಗೆ. ಎದ್ದು ಓಡಬೇಕಾದವಳು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಅವರು ನಮ್ಮ ಗಾಡಿಯ ಕಡೆ ಹೋಗಿ ಬಾವುಟ ತಂದು, ನನಗೆ ಬೆನ್ನು ಕೊಟ್ಟು, ಬರುವ ಗಾಡಿಗಳಿಗೆ ಮುಖಮಾಡಿ ನಿಂತರು.

"ಏಳ್ತೀನಿ ಚಾಚಾ, ಆಯ್ತು," ಎಂದೆ.

"ಅರ್ಧಕ್ಕೆ ಏಳ್‌ಬ್ಯಾಡ್ರಿ. ಉಣ್ರಿ. ನಾನು ನಿಂತಿರ್ತೀನಿ."

ನಾನು ಉಂಡೆ. ಇದನ್ನು ಬರೆಯಲಿಕ್ಕೇ ಇಷ್ಟು ವರ್ಷ ಬೇಕಾಯಿತು. ಅವರು ಹಾಗೆ ಹೇಳಿದ ಮೇಲೆ ನಾನು ಇನ್ನೊಂದು ತುತ್ತು ಮುರಿದೆ. ಆಗ ಒಂದು ಕಾರು ನಮ್ಮ ಕೋನ್‌ಗಳನ್ನು ಬಳಸಿ ಬಂತು. ಅದರ ಬಲಗಡೆಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ನುಗ್ಗಿತು. ಕಾರಿನವನು ಎಡಕ್ಕೆ ಎಳೆದುಕೊಂಡು ಲಾರಿಗೆ ಒತ್ತಿಯೇ ಬಂದ. ಚಾಚಾ ಬಾವುಟ ಬೀಸಿದ್ದು ಕಂಡಿತು. ಪಕ್ಕಕ್ಕೆ ಹಾರಿದ್ದರೆ ಅವರು ಉಳಿಯುತ್ತಿದ್ದರು, ಹಿಂದೆ ನಾನಿದ್ದೆ. ಅವರು ಹಾರಲಿಲ್ಲ. ಕಾರು ಅವರನ್ನು ಕೆಡವಿ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತು. ಬಲಗಾಲು ಜಜ್ಜಿಹೋಗಿತ್ತು. ಹೆಗಲ ಮೇಲಿದ್ದ ಅವರ ಟವೆಲ್ಲಿನಿಂದಲೇ ತೊಡೆಯ ಹತ್ತಿರ ಬಿಗಿಯಾಗಿ ಕಟ್ಟಿದೆ. ಕಾರಿನವನು ಅಳುತ್ತ ಒಂದೇ ಮಾತು ಹೇಳುತ್ತಿದ್ದ, "ಲಾರಿ ಕಂಡಿತ್ತು ಮೇಡಂ, ಮನುಷ್ಯರಿರೋದು ಕಾಣ್ಲಿಲ್ಲ." ಸುಳ್ಳಲ್ಲ. ಅಲ್ಲಿ ಮನುಷ್ಯರು ಇರಬಾರದಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಐದನೇ ದಿನ ವಿಚಾರಣೆಗೆ ಬಂದ ಅಧಿಕಾರಿ ಮಂಚದ ಪಕ್ಕ ಕೂತು ಕೇಳಿದಾಗ, ಚಾಚಾ ನನ್ನ ಮುಖ ನೋಡದೆ ಹೇಳಿದರು, "ಮೇಡಂ ಕೋನ್ ಇಡ್ತಿದ್ರು ಸರ್. ನಾನು ಬಾವುಟ ಹಿಡಿದಿದ್ದೆ." ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಹೂಂ ಎಂದೆ. ಆಮೇಲೆ ಸಹಿ. ಆ ಕ್ಷಣಕ್ಕೆ ನನಗೆ ಹಾಯೆನಿಸಿತು. ಬಸ್ಸಿನಲ್ಲಿ ಹೊನ್ನಾಳಿಗೆ ವಾಪಸು ಬರುವಾಗ ಅವರ ಮೇಲೆ ವಿಪರೀತ ಸಿಟ್ಟು ಬಂತು. ಕೇಳದೆ ಕೊಟ್ಟ ಸುಳ್ಳು ಅದು, ತಿರುಗಿ ಕೊಡಲಿಕ್ಕೂ ಬರುವುದಿಲ್ಲ.

ಆ ವರ್ಷವೆಲ್ಲ ತಿಂಗಳಿಗೊಮ್ಮೆ ಚನ್ನಗಿರಿಗೆ ಹೋಗುತ್ತಿದ್ದೆ. ಚಾಚಾ ಮೊದಲು ಊರುಗೋಲು, ಆಮೇಲೆ ಹಾಕಿಕೊಳ್ಳುವ ಕಾಲು ರೂಢಿ ಮಾಡಿಕೊಂಡರು. ಇಲಾಖೆಯ ಸುದ್ದಿ ಕೇಳುತ್ತಿದ್ದರು, ಹೊಸ ಚಾಲಕ ಚಕ್ರ ತಿರುಗಿಸಿ ನಿಲ್ಲಿಸುತ್ತಾನೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಅವರ ಹೆಂಡತಿ, ನಾನು ಚಾಚಿ ಎನ್ನುವವರು, ಒಂದು ಲೋಟ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದರು. ಊಟದ ಹೊತ್ತಾದರೂ ಉಂಡು ಹೋಗಿ ಎಂಬ ಮಾತಿಲ್ಲ. ನಮ್ಮ ಕಡೆ ಅಂಚೆಯವನಿಗೂ ಊಟ ಆಯ್ತಾ ಎಂದು ಕೇಳುತ್ತಾರೆ. ಮನೆಯಲ್ಲಿ ಇಷ್ಟು ಕಷ್ಟ ಇರುವಾಗ ಉಪಚಾರ ಎಲ್ಲಿಂದ ಬರಬೇಕು ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮತ್ತೆ ರಂಜಾನ್ ಬಂತು. ಆ ತಿಂಗಳಲ್ಲೂ ಒಂದು ಮಧ್ಯಾಹ್ನ ಹೋದೆ. ಚಾಚಿ ಎಂದಿನ ಹಾಗೆ ಒಂದೇ ಲೋಟ ಚಹಾ ತಂದು ನನ್ನ ಮುಂದೆ ಇಟ್ಟರು.

"ಬ್ಯಾಡ ಚಾಚಿ. ನೀವೆಲ್ಲ ರೋಜಾ ಇದ್ದೀರಿ," ಎಂದೆ. ಹೇಳಿದ ಕೂಡಲೇ ಆ ಲಾರಿಯ ಚಕ್ರ, ಡಬ್ಬಿಯ ಮುಚ್ಚಳ ಎಲ್ಲ ಕಣ್ಣ ಮುಂದೆ ಬಂದು, ಬಾಯಿ ತಡೆಯಲಿಲ್ಲ. "ಚಾಚಿ, ಅವತ್ತು ನಾನು ಕೋನ್ ಇಡ್ತಿರ್ಲಿಲ್ಲ. ರಸ್ತೆ ಮೇಲೆ ಕೂತು ರೊಟ್ಟಿ ತಿಂತಿದ್ದೆ. ನನ್ನ ಕಾಯಾಕೆ ನಿಂತಿದ್ರು ಚಾಚಾ. ಪೇಪರಿನಾಗೆ ಇರೋದು ಸುಳ್ಳು."

ಚಾಚಾ ನೆಲ ನೋಡಿದರು. ಚಾಚಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಇನ್ನು ಈ ಮನೆಗೂ ನನಗೂ ಮುಗಿಯಿತು ಎಂದುಕೊಂಡು ಬ್ಯಾಗು ಹೆಗಲಿಗೆ ಹಾಕಿ ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಬೆಂಕಿಕಡ್ಡಿ ಗೀರಿದ ಸದ್ದು, ಆಮೇಲೆ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಅಲ್ಲೇ ನಿಂತೆ.

ಚಾಚಿ ತಟ್ಟೆ ಹಿಡಿದು ಬಂದರು. ಎರಡು ಬಿಸಿ ರೊಟ್ಟಿ, ಪಲ್ಯ.

"ಗೊತ್ತೈತೆ ನಂಗೆ," ಎಂದರು. "ಆಸ್ಪತ್ರೇಲಿ ಎಚ್ಚರ ಆದ ದಿನಾನೇ ಇವ್ರು ಹೇಳಿದ್ರು. ಕಾಲು ಹೋಗಿದ್ದು ಹೇಳ್ಲಿಲ್ಲ, ಮೇಡಂ ಊಟ ಅರ್ಧಕ್ಕೆ ಎದ್ರು ಅಂತ ಹೇಳಿದ್ರು. ಸಿಟ್ಟಿತ್ತು ನಂಗೆ ನಿಮ್ಮ ಮ್ಯಾಲೆ. ಈಗ್ಲೂ ಐತೆ. ನೀವಾಗೇ ಬಾಯಿ ಬಿಡ್ಲಿ ಅಂತ ವರ್ಷ ಎಲ್ಲ ಬರೀ ಚಾ ಕೊಟ್ಟೆ. ಕೂತ್ಕಳ್ರಿ."

ನಾನು ತಟ್ಟೆ ತೆಗೆದುಕೊಂಡು, ಅಭ್ಯಾಸ ಬಲದಿಂದ, ಗೋಡೆಯ ಕಡೆಗೆ ಮುಖ ತಿರುಗಿಸಿ ಕೂರಲು ಹೋದೆ.

"ಈ ಕಡೆ ತಿರುಗ್ರಿ ಮೇಡಂ," ಎಂದರು ಚಾಚಾ. ಎದ್ದು, ಗೋಡೆ ಹಿಡಿದು ಎರಡು ಹೆಜ್ಜೆ ಬಂದು, ತಮ್ಮ ಕುರ್ಚಿಯನ್ನು ನನ್ನ ಎದುರಿಗೇ ಎಳೆದುಕೊಂಡರು. "ನನ್ನ ರೋಜಾ ಮುರಿಯಲ್ಲ ಅಂತ ಅವಾಗ್ಲೇ ಎಷ್ಟು ಸಲ ಹೇಳಿದ್ದೆ. ನೀವು ಕೇಳ್ಲಿಲ್ಲ."

ನಾನು ಅವರಿಬ್ಬರ ಮುಂದೆ ಕೂತು ಎರಡು ರೊಟ್ಟಿಯನ್ನೂ ಪೂರ್ತಿ ತಿಂದೆ. ಅಳು ಬರುತ್ತಿತ್ತು, ಆದರೆ ನಡುವೆ ಏಳಲಿಲ್ಲ. ನಾನು ಕೈ ತೊಳೆಯುವತನಕ ಚಾಚಾ ಎದುರಿಗೇ ಇದ್ದರು. ಈ ಸಲ ಕೂತಿದ್ದರು.