‘ಬರ್ತೇನಿ’ ಅನಬ್ಯಾಡ್ರಿ

ಸಮೀಕ್ಷೆಯ ಹಾಳೆ ತುಂಬಿಸಿ, ಬನಹಟ್ಟಿಯ ಆ ನೇಕಾರರ ಮನೆಯಿಂದ ‘ಬರ್ತೇನ್ರಿ ಯವ್ವಾ’ ಎಂದು ಎದ್ದೆ. ವಯಸ್ಸಾದ ತಾಯಿ ಥಟ್ಟನೆ ನನ್ನ ಕೈ ಹಿಡಿದುಕೊಂಡರು.

“ಹಂಗ ಅನಬ್ಯಾಡ್ರಿ ಅಕ್ಕೋರ. ‘ಹೋಗ್ತೇನಿ’ ಅಂತ ಹೇಳಿ ಹೋಗ್ರಿ.”

ಹೊರಡುವವರು ‘ಹೋಗ್ತೇನಿ’ ಅಂದರೆ ಅಪಶಕುನವೆಂದು ಬೈಯುವ ಸೀಮೆ ನಮ್ಮದು. ಶಾಲೆಯಲ್ಲಿ ಮಕ್ಕಳಿಗೂ ಅದನ್ನೇ ತಿದ್ದುವ ನಾನು ತಬ್ಬಿಬ್ಬಾದೆ.

“ನನ್ನ ಮಗಾ ‘ಬರ್ತೇನವ್ವಾ’ ಅಂತ ಹೇಳೇ ಮುಧೋಳ ಬಸ್ ಹತ್ತಿದ. ಆರು ವರ್ಷ ಆತು, ಪೊಲೀಸರಿಗೂ ಸುಳಿವು ಸಿಕ್ಕಿಲ್ಲ. ಆ ಮಾತು ಕೇಳಿದ್ರ ನಾ ಮತ್ತ ದಾರಿ ಕಾಯಾಕ ಕುಂದರ್ತೇನಿ.”

ಕೈ ಮುಗಿದು ಹೊರಬಂದೆ.

ಮಗಳು ಕಾಲೇಜಿಗೆ ಹೊರಡುವಾಗ ‘ಬರ್ತೇನವ್ವಾ’ ಎಂದರೆ ಮೊದಲೆಲ್ಲ ಒಲೆಯ ಮುಂದಿನಿಂದಲೇ ‘ಹೂಂ’ ಎನ್ನುತ್ತಿದ್ದೆ. ಈಗ ಬಾಗಿಲಿಗೆ ಬಂದು, ಅವಳು ಓಣಿ ತಿರುಗುವವರೆಗೂ ನಿಲ್ಲುತ್ತೇನೆ.