ಬೀಗ ಹಾಕಿದ ಮನೆಯ ವಿಳಾಸ

ಭಾವ ತೀರಿಕೊಂಡ ನಕ್ಷತ್ರ ಕೆಟ್ಟದ್ದಂತೆ. ಮೂರು ತಿಂಗಳು ಮನೆ ಬಿಡಬೇಕೆಂದು ಐನೋರು ಪಂಚಾಂಗ ನೋಡಿ ಹೇಳಿದರು. ಮಿಡಿಗೇಶಿಯ ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳು ಇಟ್ಟು, ಅಕ್ಕ ತನ್ನ ಅತ್ತೆಯನ್ನು ಕರೆದುಕೊಂಡು ಬರಗೂರಿನ ನೆಂಟರ ಹಿಂದಿನ ಕೋಣೆಗೆ ಹೋದಳು. ಹಟ ಹಿಡಿದು ಮನೆ ಬಿಡಿಸಿದ್ದು ಅತ್ತೆಯೇ. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿದ್ದರೂ ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ನನಗೆ ಇಂಥ ಶಾಸ್ತ್ರಗಳೆಂದರೆ ಮೈ ಉರಿಯುತ್ತದೆ. ಆದರೆ ಸತ್ತವನು ಆಕೆಯ ಮಗ. ಅಂಥ ಹೊತ್ತಿನಲ್ಲಿ ಏನು ವಾದ ಮಾಡುವುದು?

ನಾನು ಮಧುಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಕ್ಕ ಅದೇ ಲ್ಯಾಬಿನ ವರದಿಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡುತ್ತಿದ್ದಳು. ಅತ್ತೆಯನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿಲ್ಲದ ಅವಳಿಗೆ ಅದೊಂದೇ ಅನ್ನದ ದಾರಿ. ರೋಗಿಗಳ ವಿವರ ಕಂಡವರ ಕೈಗೆ ಸಿಗಬಾರದೆಂದು ಲ್ಯಾಬಿಗೆ ಫೈರ್‌ವಾಲ್ ಹಾಕಿದ್ದೆವು. ಅದು ಬಾಗಿಲು ಕಾಯುವವನ ಹಾಗೆ. ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ, ಬಂದವರ ಇಂಟರ್ನೆಟ್ ಲೈನಿನ ಅಂಕಿಯನ್ನು, ಅಂದರೆ ಐಪಿ ವಿಳಾಸವನ್ನಷ್ಟೇ ನೋಡುತ್ತದೆ. ಮಿಡಿಗೇಶಿ ಮನೆಯ ಲೈನಿಗೆ ಎಂದೂ ಬದಲಾಗದ ವಿಳಾಸ ಕೊಡಿಸಿ, ಇದನ್ನು ಒಳಗೆ ಬಿಡು ಎಂದು ನಾನೇ ನಿಯಮ ಬರೆದಿದ್ದೆ. ಅದರ ಕೆಳಗೆ, ಉಳಿದವರಾರನ್ನೂ ಬಿಡಬೇಡ ಎಂಬ ನಿಯಮವಿತ್ತು.

ಬರಗೂರಿನಿಂದ ಅಕ್ಕ ಫೋನ್ ಮಾಡಿದಳು. ಲ್ಯಾಬಿನ ಕಂಪ್ಯೂಟರು ಒಳಗೆ ಬಿಡುತ್ತಿಲ್ಲವಂತೆ. ನಿನ್ನ ವಿಳಾಸ ನೋಡಿ ಹೇಳು ಎಂದೆ. ನೂರ ತೊಂಬತ್ತೆರಡು, ನೂರ ಅರವತ್ತೆಂಟು ಎಂದು ಶುರುಮಾಡಿ ಚುಕ್ಕಿ ಸಮೇತ ಓದಿದಳು. ಅಲ್ಲಿದ್ದಾಗಲೂ ಇದೇ ಇತ್ತಲ್ಲ, ರೂಟರನ್ನೂ ಹೊತ್ತು ತಂದಿದ್ದೇನಲ್ಲ ಎಂದಳು. ಅದು ಒಳಮನೆಯ ವಿಳಾಸ ಎಂದು ಬಿಡಿಸಿ ಹೇಳಿದೆ. ಎಲ್ಲರ ಮನೆಯಲ್ಲೂ ಒಂದು ಅಡುಗೆಮನೆ ಇರುವ ಹಾಗೆ ಆ ಅಂಕಿ ಎಷ್ಟೋ ಮನೆಗಳಲ್ಲಿ ಇರುತ್ತದೆ. ಲ್ಯಾಬಿಗೆ ಕಾಣುವುದು ಇಂಟರ್ನೆಟ್ಟಿನವರು ಕೊಟ್ಟ ಹೊರಗಿನ ವಿಳಾಸ. ಅದು ಆ ಮನೆಯ ಲೈನಿಗೆ ಸೇರಿದ್ದು, ನಿನಗಲ್ಲ ಎಂದೆ.

"ಅಂಗಾರೆ ಆ ಮನೆಯಿಂದ ಆಚೆ ಬಂದ್ರೆ ನಾನು ಯಾರೂ ಅಲ್ವೇನ್ಲಾ?"

ಹೊರವಿಳಾಸ ನೋಡುವ ಬಗೆಯನ್ನು ಹೇಳಿಕೊಟ್ಟು, ಅದನ್ನು ಓದಿಸಿಕೊಂಡೆ.

ಬರಗೂರಿನ ಹೊರವಿಳಾಸವನ್ನು ನಿಯಮಕ್ಕೆ ಸೇರಿಸಿದೆ. ಕರೆಂಟು ಹೋಗಿ ಬಂದರೆ ಅದು ಬೇರೆಯಾಗುತ್ತಿತ್ತು. ನಮ್ಮ ಕಡೆಯ ಕರೆಂಟಿನ ಕತೆ ಗೊತ್ತೇ ಇದೆಯಲ್ಲ. ಅಕ್ಕ ಫೋನ್ ಮಾಡುವುದು, ನಾನು ತಿದ್ದುವುದು, ಇದೇ ಆಯಿತು. ಕೊನೆಯ ಅಂಕಿ ಯಾವುದಾದರೂ ಇರಲಿ ಎಂದು ವಿಳಾಸಗಳ ಆ ಸಾಲನ್ನೇ ತೆರೆದುಬಿಟ್ಟರೆ ಗುರುತಿಲ್ಲದವರಿಗೂ ದಾರಿಯಾಗುತ್ತದೆ. ವಿಷಯ ಲ್ಯಾಬಿನ ಯಜಮಾನರಿಗೆ ತಿಳಿಯಿತು. ದಿನಾ ನಿಯಮ ತಿದ್ದುವುದು ಸರಿಯಲ್ಲ, ತಿಂಗಳ ಕೊನೆಯೊಳಗೆ ಖಾಯಂ ವಿಳಾಸ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅವರದೇನೂ ತಪ್ಪಿಲ್ಲ. ಬರಗೂರಿನ ಲೈನಿಗೆ ಖಾಯಂ ವಿಳಾಸ ಸಿಗಲೇ ಇಲ್ಲ.

ಹೇಳಲು ನಾನೇ ಹೋದೆ. ಅಕ್ಕ ಅಳಲಿಲ್ಲ. ಅತ್ತೆಗೆ ಮುದ್ದೆ ಕಿವುಚಿ ತಿನ್ನಿಸುತ್ತಲೇ ಕೇಳಿಸಿಕೊಂಡಳು. ಅತ್ತೆ ತುತ್ತಿಗೆ ಕೈ ಅಡ್ಡ ಹಿಡಿದರು.

"ನಡಿ ತಾಯಿ, ಮನೆಗೋಗಾನ. ದೋಸ ಇದ್ರೆ ನನ್ನ ತಕಂಡೋಗ್ಲಿ ಬುಡು."

ಬಾಗಿಲಿನ ಮುಳ್ಳನ್ನು ನಾನೇ ಎಳೆದು ಹಾಕಿದೆ. ಹಳೆಯ ಲೈನಿಗೆ ರೂಟರ್ ಸೇರಿಸಿದ ಕೂಡಲೇ ಅಕ್ಕ ಲ್ಯಾಬಿನೊಳಗೆ ಹೋದಳು. ಊರಿನವರು ಮಾತ್ರ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು.

ಅತ್ತೆ ಹೆಚ್ಚು ದಿನ ಬದುಕಲಿಲ್ಲ. ಊರು ಅನ್ನುವುದನ್ನು ಅಂದಿತು. ನನಗೆ ಬೇರೆಯದೇ ಹೆದರಿಕೆ. ಈ ಸಲವೂ ನಕ್ಷತ್ರ ಕೆಟ್ಟದ್ದೆಂದರೆ ಅಕ್ಕ ಎಲ್ಲಿಗೆ ಹೋಗಬೇಕು? ಐನೋರು ಪಂಚಾಂಗ ಮಡಿಚಿ, ದೋಷವೇನೂ ಇಲ್ಲ, ಮನೆ ಬಿಡಬೇಕಾಗಿಲ್ಲ ಎಂದರು. ಅದುವರೆಗೂ ತಡೆದುಕೊಂಡಿದ್ದ ಅಕ್ಕ ಅತ್ತೆಯ ಕಾಲ ಬಳಿ ಕುಸಿದು ಕೂತಳು.

"ನನ್ ಸಲುವಾಗಿ ಒಳ್ಳೆ ನಕ್ಷತ್ರ ನೋಡ್ಕಂಡು ಹೋದ್ರು ಕಣ್ಲಾ."